36 ದಿನಕ್ಕೊಮ್ಮೆ ಮುಟ್ಟಾಗುವವರಿಗೂ 14ನೇ ದಿನದ ಲೆಕ್ಕವೇನಾ?

ವಿಭಾಗ: ಮನೆ, ಮಕ್ಕಳು, ಆರೋಗ್ಯ

ಮಾದಾಪುರದ_ಸೊಸೆ · ಫೆಬ್ರವರಿ 9, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಮೆಣಸಿನ ರೇಟು, ಆನೆ ಕಾಟ ಓದಿಕೊಂಡು ಸುಮ್ನೆ ಇದ್ದವಳು ನಾನು. ಬರೆಯುತ್ತಿರುವುದು ಇದೇ ಮೊದಲು.

ನನಗೆ 29. ಮದುವೆಯಾಗಿ ಎರಡೂವರೆ ವರ್ಷ. ಮಗುವಿಗಾಗಿ ಕಾಯಲು ಶುರು ಮಾಡಿ 14 ತಿಂಗಳಾಯಿತು. ಮುಟ್ಟು 35ರಿಂದ 37 ದಿನಕ್ಕೊಮ್ಮೆ ಬರುತ್ತದೆ. ಕಾಲೇಜು ದಿನಗಳಿಂದ ಹೀಗೇ, ಏರುಪೇರಿಲ್ಲ. ನಮ್ಮವರಿಗೆ ಬೆಂಗಳೂರಿನಲ್ಲಿ ಕೆಲಸ. ಫೋನಿನ ಆ್ಯಪ್, ಓರಗಿತ್ತಿ, ಗೆಳತಿಯರು, ಎಲ್ಲರೂ ಹೇಳಿದ್ದು ಒಂದೇ ಮಾತು: ಬಸಿರಾಗಲು ಮುಟ್ಟು ಶುರುವಾದ ದಿನದಿಂದ ಎಣಿಸಿ 14ನೇ ದಿನ. ಅದಕ್ಕೇ ಅವರು ಪ್ರತಿ ಸಲ ರಜೆ ಹೊಂದಿಸಿಕೊಂಡು ನನ್ನ 12ನೇ ದಿನಕ್ಕೆ ಊರಿಗೆ ಬರುತ್ತಾರೆ, 16ಕ್ಕೆ ರಾತ್ರಿ ಬಸ್ಸಿಗೆ ವಾಪಸ್. ಇಷ್ಟು ತಿಂಗಳೂ ಹೀಗೇ ಆಗಿದೆ.

ಕಳೆದ ತಿಂಗಳು ಒಂದು ಕಡೆ ತೋರಿಸಿದೆವು. 21ನೇ ದಿನ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ರಕ್ತ ಪರೀಕ್ಷೆ ಮಾಡಿಸಿ ಅಂದರು. ತುಂಬ ಕಡಿಮೆ ಬಂತು. "ಮೊಟ್ಟೆ ಬಿಡುಗಡೆ ಆಗ್ತಾ ಇಲ್ಲ" ಅಂತ ಹೇಳಿ ಮಾತ್ರೆ ಬರೆದು ಮುಂದಿನವರನ್ನು ಕರೆದರು. ನಿಮಗೆ ಎಷ್ಟು ದಿನಕ್ಕೊಮ್ಮೆ ಆಗುತ್ತೆ ಅಂತ ಯಾರೂ ಕೇಳಲಿಲ್ಲ. ಸ್ಕ್ಯಾನಿನಲ್ಲಿ ಗರ್ಭಕೋಶ ಹಿಂದಕ್ಕೆ ವಾಲಿದೆ ಅಂತ ಬೇರೆ ಬರೆದಿದೆ. ಅದನ್ನು ಹಿಡಿದುಕೊಂಡು ಅತ್ತೆ "ಗರ್ಭಕೋಶಕ್ಕೆ ಬಲ ಇಲ್ಲ" ಅನ್ನುತ್ತಿದ್ದಾರೆ.

ಇವತ್ತಿಗೆ ನನಗೆ 8ನೇ ದಿನ. ಮಾತ್ರೆ ಇನ್ನೂ ಶುರು ಮಾಡಿಲ್ಲ. ಒಳಗೆ ನಿಜವಾಗಿ ಏನು ನಡೆಯುತ್ತದೆ ಅಂತ ತಿಳಿದವರು ಯಾರಾದರೂ ಬಿಡಿಸಿ ಹೇಳುತ್ತೀರಾ?

ನಿವೃತ್ತ_ಸಿಸ್ಟರ್ · ಫೆಬ್ರವರಿ 9, ರಾತ್ರಿ 11:15

ಮಲಗಲು ಹೊರಟಿದ್ದೆ, ಇದನ್ನು ಓದಿ ಎದ್ದು ಕೂತೆ. ನಾನು 30 ವರ್ಷಕ್ಕಿಂತ ಜಾಸ್ತಿ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು, ಈಗ ಮಡಿಕೇರಿಯಲ್ಲಿ ಮನೆಯಲ್ಲೇ ಇದ್ದೇನೆ.

ಮೊದಲು ಒಂದು ಮಾತು ಹೇಳಿ ಮಲಗುತ್ತೇನೆ. 14ನೇ ದಿನ ಅನ್ನುವುದು 28 ದಿನಕ್ಕೊಮ್ಮೆ ಆಗುವವರ ಲೆಕ್ಕ. ಲೆಕ್ಕ ಹಾಕಬೇಕಾದ್ದು ಹಿಂದಿನಿಂದ. ಮೊಟ್ಟೆ ಬಿಡುಗಡೆ ಆದ ಮೇಲೆ ಮುಂದಿನ ಮುಟ್ಟಿಗೆ ಸುಮಾರು 12ರಿಂದ 14 ದಿನ. ಈ ಭಾಗ ಹೆಚ್ಚು ಅಲ್ಲಾಡುವುದಿಲ್ಲ. ಉದ್ದ, ಗಿಡ್ಡ ಆಗುವುದು ಅದಕ್ಕೆ ಮುಂಚಿನ ಭಾಗ. ನಿಮ್ಮ 36ರಲ್ಲಿ 14 ಕಳೆಯಿರಿ. 22. ನಿಮ್ಮವರು ಬಸ್ಸು ಹತ್ತಿ ಆರು ದಿನ ಆದ ಮೇಲೆ ಮೊಟ್ಟೆ ಬರುತ್ತಿದೆ ಮಗಳೇ.

ರಕ್ತ ಪರೀಕ್ಷೆಯದೂ ಅದೇ ಕಥೆ. ಪ್ರೊಜೆಸ್ಟರಾನ್ ಏರುವುದು ಮೊಟ್ಟೆ ಹೊರಬಂದ ಮೇಲೆ. 28 ದಿನದವರಿಗೆ 21ನೇ ದಿನ ನೋಡುತ್ತಾರೆ, ಅಂದರೆ ಮುಂದಿನ ಮುಟ್ಟಿಗೆ ಒಂದು ವಾರ ಇರುವಾಗ. ನಿಮಗೆ ಅದು 29ನೇ ದಿನ. 21ಕ್ಕೆ ನೋಡಿದರೆ ಕಡಿಮೆ ಬರದೆ ಇನ್ನೇನು ಬರುತ್ತದೆ? ಮಾತ್ರೆ ಬೇಕೋ ಬೇಡವೋ ನಾನು ಹೇಳುವುದಿಲ್ಲ. ಆದರೆ ಬರೆದುಕೊಟ್ಟವರ ಹತ್ತಿರವೋ ಬೇರೆ ಸ್ತ್ರೀರೋಗ ತಜ್ಞರ ಹತ್ತಿರವೋ ಹೋಗಿ, "ನನ್ನದು 36 ದಿನ" ಅಂತ ಮೊದಲ ವಾಕ್ಯದಲ್ಲೇ ಹೇಳಿ.

ವಾಲಿದ ಗರ್ಭಕೋಶದ ಬಗ್ಗೆ ನಾಳೆ ಬರೆಯುತ್ತೇನೆ. ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಹಾಸ್ಟೆಲ್_ಹುಡುಗಿ · ಫೆಬ್ರವರಿ 10, ಬೆಳಗ್ಗೆ 7:05

ದಡ್ಡ ಪ್ರಶ್ನೆ ಅನ್ನಿಸಿದರೆ ಬೈಯಬೇಡಿ. ಮೊಟ್ಟೆ ಒಡೆದು ಹೋಗುವುದೇ ಮುಟ್ಟು ಅಲ್ವಾ? ನಾನು ಹಾಗೇ ಅಂದುಕೊಂಡಿದ್ದೆ. ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ, ಆದರೂ!

ಪಿಯು_ಬಯಾಲಜಿ · ಫೆಬ್ರವರಿ 10, ಮಧ್ಯಾಹ್ನ 1:30

ದಡ್ಡ ಪ್ರಶ್ನೆಯೇ ಅಲ್ಲ. ನಾನು ವಿರಾಜಪೇಟೆ ಕಡೆ ಪಿಯುಸಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ತರಗತಿಯಲ್ಲಿ ಅರ್ಧ ಜನ ಹಾಗೇ ಅಂದುಕೊಂಡು ಬಂದಿರುತ್ತಾರೆ. ಹತ್ತನೇ ಕ್ಲಾಸಿನಲ್ಲಿ ಈ ಪಾಠ ಬಂದಾಗ "ಮನೆಯಲ್ಲೇ ಓದಿಕೊಳ್ಳಿ" ಅಂತ ಪುಟ ತಿರುಗಿಸಿದ ಮೇಷ್ಟ್ರುಗಳು ಎಷ್ಟು ಜನ ಇಲ್ಲ! ನನಗೂ ಹಾಗೇ ಆಗಿತ್ತು.

ಬಟರ್‌ಫ್ರೂಟ್ ಎಲ್ಲರೂ ನೋಡಿದ್ದೀರಿ, ತೋಟದಲ್ಲಿ ಬಿದ್ದು ಕೊಳೆಯುತ್ತಿರುತ್ತದೆ. ಕತ್ತು ಸಣ್ಣ, ಕೆಳಗೆ ದಪ್ಪ ಇರುವ ಒಂದು ಚಿಕ್ಕ ಕಾಯಿ ತೆಗೆದುಕೊಂಡು ತಲೆಕೆಳಗು ಹಿಡಿಯಿರಿ. ಗರ್ಭಕೋಶದ ಆಕಾರ ಅದು. ಉದ್ದ ಏಳೆಂಟು ಸೆಂಟಿಮೀಟರ್, ತೂಕ 50ರಿಂದ 60 ಗ್ರಾಂ. ಹೆರಿಗೆ ಹೊತ್ತಿಗೆ ಇದೇ ಸ್ನಾಯು ಸುಮಾರು ಒಂದು ಕಿಲೋ ತೂಗುತ್ತದೆ, ಅದೂ ಮಗುವನ್ನು ಬಿಟ್ಟು. ಕೆಳಗಿನ ಸಣ್ಣ ಕತ್ತಿಗೆ ಗರ್ಭಕೋಶದ ಕೊರಳು ಅನ್ನುತ್ತಾರೆ. ಅದು ಯೋನಿಯೊಳಕ್ಕೆ ಇಳಿದಿರುತ್ತದೆ. ಮೂತ್ರದ ದಾರಿಯೇ ಬೇರೆ, ಅದರ ಬಾಯಿ ಯೋನಿಯ ಬಾಯಿಗಿಂತ ಮುಂದೆ ಇದೆ. ಇದು ಗೊತ್ತಿಲ್ಲದ ಮದುವೆಯಾದ ಹೆಂಗಸರನ್ನೂ ನೋಡಿದ್ದೇನೆ, ನಗಬೇಡಿ.

ಮೇಲಿನ ದಪ್ಪ ಭಾಗದ ಎರಡು ಮೂಲೆಯಿಂದ ಎರಡು ನಳಿಕೆ ಹೊರಡುತ್ತವೆ. ಅವು ಅಂಡನಾಳ, ಒಂದೊಂದೂ ಹತ್ತು ಹನ್ನೆರಡು ಸೆಂಟಿಮೀಟರ್. 16ನೇ ಶತಮಾನದಲ್ಲಿ ಫಾಲೊಪ್ಪಿಯೊ ಎಂಬ ಇಟಲಿಯ ವೈದ್ಯ ಇವನ್ನು ಸರಿಯಾಗಿ ವರ್ಣಿಸಿದ. ಅದಕ್ಕೇ ಫೆಲೋಪಿಯನ್ ಟ್ಯೂಬ್ ಅಂತ ಅವನ ಹೆಸರು. ಟ್ಯೂಬಿನ ತುದಿಯ ಆಚೆ ಬಾದಾಮಿ ಗಾತ್ರದ ಅಂಡಾಶಯಗಳು, ಬಲಕ್ಕೊಂದು ಎಡಕ್ಕೊಂದು.

ಪಠ್ಯಪುಸ್ತಕದ ಚಿತ್ರ ನೋಡಿದರೆ ಟ್ಯೂಬು, ಅಂಡಾಶಯ ಎರಡೂ ಪೈಪಿನ ಹಾಗೆ ಸೇರಿಕೊಂಡಿವೆ ಅನ್ನಿಸುತ್ತದೆ. ಇಲ್ಲ. ಮಧ್ಯೆ ಸಂದು ಇದೆ. ಟ್ಯೂಬಿನ ತುದಿ ಬೆರಳು ಬೆರಳಾಗಿ ಬಿಡಿಸಿಕೊಂಡಿರುತ್ತದೆ. ಮೊಟ್ಟೆ ಅಂಡಾಶಯ ಒಡೆದು ಹೊರಬಂದಾಗ ಈ ಬೆರಳುಗಳು ಅಂಡಾಶಯದ ಮೇಲೆ ಸವರಿ ಅದನ್ನು ಒಳಕ್ಕೆ ಗುಡಿಸಿಕೊಳ್ಳುತ್ತವೆ. ನನಗೆ ಪ್ರತಿ ವರ್ಷ ಪಾಠ ಮಾಡುವಾಗಲೂ ಇಲ್ಲಿ ಬಂದು ಒಂದು ಕ್ಷಣ ನಿಲ್ಲಬೇಕು ಅನ್ನಿಸುತ್ತದೆ.

ಇನ್ನು ಮೊಟ್ಟೆ. ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗ, ಅಷ್ಟೇ. ಪೆನ್ನಿನ ಚುಕ್ಕೆಗಿಂತ ಚಿಕ್ಕದು. ಮನುಷ್ಯರಂಥ ಪ್ರಾಣಿಗಳಲ್ಲಿ ಇಂಥದ್ದೊಂದು ಮೊಟ್ಟೆ ಇದೆ ಅಂತ ಕಣ್ಣಾರೆ ಕಂಡದ್ದೇ 1827ರಲ್ಲಿ, ಫಾನ್ ಬೇರ್ ಎಂಬ ವಿಜ್ಞಾನಿ, ಅದೂ ನಾಯಿಯಲ್ಲಿ. ಹಾಗಾಗಿ ಹುಡುಗಿ, ಮುಟ್ಟಿನಲ್ಲಿ ಹೋಗುವುದು ಮೊಟ್ಟೆಯಲ್ಲ. ಮೊಟ್ಟೆಗೆ ಆಯುಸ್ಸು 12ರಿಂದ 24 ಗಂಟೆ. ಅಷ್ಟರಲ್ಲಿ ವೀರ್ಯಾಣು ಸಿಗದಿದ್ದರೆ ಅದು ಅಲ್ಲೇ ಕರಗುತ್ತದೆ. ಮುಟ್ಟು ಬರುವುದು ಎರಡು ವಾರ ಆದ ಮೇಲೆ. ಬರುವುದು ಗರ್ಭಕೋಶದ ಒಳಪದರ ಮತ್ತು ರಕ್ತ. ರಕ್ತ ಎಷ್ಟು ಅಂದುಕೊಂಡಿದ್ದೀರಿ? ಸಾಮಾನ್ಯವಾಗಿ ಎಲ್ಲ ದಿನದ್ದೂ ಸೇರಿ 30ರಿಂದ 40 ಮಿಲಿಲೀಟರ್, ಅಂದರೆ ಎರಡು ಮೂರು ದೊಡ್ಡ ಚಮಚ.

ಕ್ಲಾಸಿಗೆ ಹೊತ್ತಾಯಿತು. ಸಂಜೆ ಬರುತ್ತೇನೆ.

ನಾಪೋಕ್ಲು_ತೋಟ · ಫೆಬ್ರವರಿ 10, ಸಂಜೆ 5:50

ಗಂಡಸರು ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಬೇಡ ಅಂದರೆ ಅಳಿಸಿಬಿಡಿ. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ, ಅದಕ್ಕೇ ಓದುತ್ತಿದ್ದೆ.

ಸಿಸ್ಟರ್ ಹೇಳಿದ್ದು ನನಗೆ ಕಾಫಿಯಲ್ಲಿ ಅರ್ಥ ಆಯಿತು. ಕೊಯ್ಲು ಮುಗಿದು ಇಷ್ಟನೇ ದಿನಕ್ಕೆ ಹೂ ಬರುತ್ತದೆ ಅಂತ ಯಾರಾದರೂ ಹೇಳುತ್ತೀರಾ? ಮೊಗ್ಗು ಕಟ್ಟಿ ಕಾಯುತ್ತಾ ಇರುತ್ತದೆ. ಹೂಮಳೆ ಬರಬೇಕು. ಒಂದು ವರ್ಷ ಫೆಬ್ರವರಿಯಲ್ಲೇ ಒಂದು ಇಂಚು ಸುರಿಯುತ್ತದೆ, ಇನ್ನೊಂದು ವರ್ಷ ಮಾರ್ಚ್ ಮುಗಿಯುತ್ತಾ ಬಂದರೂ ಆಕಾಶ ನೋಡುತ್ತಾ ಕೂರಬೇಕು. ಆದರೆ ಮಳೆ ಬಿದ್ದ ಮೇಲೆ ಎಂಟರಿಂದ ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಅದನ್ನು ಕಣ್ಣು ಮುಚ್ಚಿ ಎಣಿಸಬಹುದು. ಮಳೆ ಬೀಳುವ ದಿನವನ್ನು ಮಾತ್ರ ಎಣಿಸಲು ಆಗಲ್ಲ.

ಹೀಗೇ ಅಲ್ವಾ ಸಿಸ್ಟರ್?

ಪಿಯು_ಬಯಾಲಜಿ · ಫೆಬ್ರವರಿ 10, ರಾತ್ರಿ 8:20

ಅಣ್ಣ, ಇದನ್ನು ನಾಳೆಯೇ ಕ್ಲಾಸಿನಲ್ಲಿ ಹೇಳುತ್ತೇನೆ.

ಮಳೆ ಯಾವುದು ಅಂತ ಹೇಳಿಬಿಡುತ್ತೇನೆ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಚಿಕ್ಕ ಪಿಟ್ಯುಟರಿ ಗ್ರಂಥಿ ಇದೆ. ಮುಟ್ಟಿನ ಮೊದಲ ದಿನಗಳಲ್ಲಿ ಅದು ಎಫ್‌ಎಸ್‌ಎಚ್ ಎಂಬ ಹಾರ್ಮೋನು ಕಳಿಸುತ್ತದೆ. ಅಂಡಾಶಯದಲ್ಲಿ ಹಲವು ಕೋಶಕಗಳು ಒಟ್ಟಿಗೆ ಬೆಳೆಯಲು ಹೊರಡುತ್ತವೆ. ಕೋಶಕ ಅಂದರೆ ಮೊಟ್ಟೆ ಇರುವ ನೀರಿನ ಗುಳ್ಳೆ, ಸ್ಕ್ಯಾನಿನವರು ಫಾಲಿಕಲ್ ಅನ್ನುವುದು ಇದನ್ನೇ. ಕೊನೆಗೆ ಸಾಮಾನ್ಯವಾಗಿ ಒಂದೇ ಮುಂದೆ ಬರುತ್ತದೆ, ಉಳಿದವು ಮುದುಡುತ್ತವೆ. ಆ ಒಂದು ಬೆಳೆಯುತ್ತಾ ಈಸ್ಟ್ರೋಜನ್ ಎಂಬ ಹಾರ್ಮೋನು ಸುರಿಸುತ್ತದೆ. ಅದರಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಈಸ್ಟ್ರೋಜನ್ ಒಂದು ಮಟ್ಟಕ್ಕೆ ಏರಿ ಎರಡು ದಿನ ಅಲ್ಲೇ ನಿಂತರೆ ಮಿದುಳಿಗೆ ಸುದ್ದಿ ಮುಟ್ಟುತ್ತದೆ, ಪಿಟ್ಯುಟರಿ ಒಮ್ಮೆಲೇ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನು ಸುರಿಯುತ್ತದೆ. ಹೂಮಳೆ ಅಂದರೆ ಈ ಎಲ್‌ಎಚ್. ಅದಾಗಿ ಒಂದೂವರೆ ದಿನದ ಆಸುಪಾಸಿನಲ್ಲಿ ಕೋಶಕ ಒಡೆದು ಮೊಟ್ಟೆ ಹೊರಗೆ.

ಕೆಲವರಲ್ಲಿ ಆ ಒಂದು ಕೋಶಕ ಹದಕ್ಕೆ ಬರಲು ಹತ್ತು ಹನ್ನೆರಡು ದಿನ ಸಾಕು. ಮಾದಾಪುರದವರಲ್ಲಿ ಮೂರು ವಾರ ಬೇಕಾಗುತ್ತಿರಬಹುದು. ವಯಸ್ಕ ಹೆಂಗಸರಿಗೆ 21ರಿಂದ 35 ದಿನ ಸಾಮಾನ್ಯ ಅನ್ನುತ್ತಾರೆ. ಈಗ 38ರವರೆಗೂ ಒಪ್ಪುವವರಿದ್ದಾರೆ. ನಿಮ್ಮದು ಅಂಚಿನಲ್ಲಿದೆ, ಆದರೆ ನೇಮವಾಗಿ ಬರುತ್ತಿದೆಯಲ್ಲ, ಅದು ಒಳ್ಳೆಯ ಗುರುತು.

ಇನ್ನೊಂದು ಪಾತ್ರ ಬಾಕಿ ಇದೆ. ಒಡೆದ ಕೋಶಕ ಕಸವಾಗುವುದಿಲ್ಲ. ಅದು ಹಳದಿ ಬಣ್ಣದ ಗಂಟಾಗಿ ಪ್ರೊಜೆಸ್ಟರಾನ್ ಮಾಡಲು ಕೂರುತ್ತದೆ. ಇದರ ಹೆಸರು ಕಾರ್ಪಸ್ ಲೂಟಿಯಂ, ಲ್ಯಾಟಿನ್‌ನಲ್ಲಿ ಹಳದಿ ಕಾಯ ಅಂತ ಅರ್ಥ. ದಪ್ಪವಾದ ಒಳಪದರ ಜಾರದಂತೆ ಹಿಡಿದು ನಿಲ್ಲಿಸುವುದು ಈ ಪ್ರೊಜೆಸ್ಟರಾನ್. ಹಳದಿ ಗಂಟಿನ ಆಯುಸ್ಸು ಎರಡು ವಾರದ ಒಳಗೇ. ಅದಕ್ಕೇ ಹಿಂದಿನಿಂದ ಎಣಿಸುವ ಲೆಕ್ಕ ಸರಿಹೋಗುವುದು. ಗಂಟು ಬಾಡಿತು, ಪ್ರೊಜೆಸ್ಟರಾನ್ ಇಳಿಯಿತು, ಪದರ ಕಳಚಿತು, ಮುಟ್ಟು ಬಂತು.

ನಾಪೋಕ್ಲು_ತೋಟ · ಫೆಬ್ರವರಿ 10, ರಾತ್ರಿ 8:45

ಹಾಗಾದರೆ ಪ್ರೊಜೆಸ್ಟರಾನ್ ಬ್ಯಾಕಿಂಗ್ ಮಳೆ. ಹೂವಾದ ಮೇಲೆ ಅದೊಂದು ಬಾರದಿದ್ದರೆ ಕಾಯಿ ನಿಲ್ಲಲ್ಲ.

ಪಿಯು_ಬಯಾಲಜಿ · ಫೆಬ್ರವರಿ 10, ರಾತ್ರಿ 8:52

ಅಲ್ಲಿಗೆ ಹೋಲಿಕೆ ನಿಲ್ಲಿಸೋಣ, ಇಲ್ಲದಿದ್ದರೆ ಗೊಬ್ಬರ ಯಾವುದು ಅಂತ ಕೇಳುತ್ತೀರಿ. ಒಂದು ವ್ಯತ್ಯಾಸ ಮಾತ್ರ ಹೇಳುತ್ತೇನೆ. ಇಲ್ಲಿ ಕಾಯಿ ಕಟ್ಟಿದರೆ ಅದೇ ಮಳೆಯನ್ನು ತರಿಸಿಕೊಳ್ಳುತ್ತದೆ. ಟ್ಯೂಬಿನಲ್ಲಿ ಮೊಟ್ಟೆ, ವೀರ್ಯಾಣು ಸೇರಿ ಭ್ರೂಣವಾಗಿ, ಮೂರು ನಾಲ್ಕು ದಿನ ಉರುಳಿಕೊಂಡು ಗರ್ಭಕೋಶಕ್ಕೆ ಬಂದು, ಒಳಪದರಕ್ಕೆ ಅಂಟಿಕೊಂಡ ಮೇಲೆ ಎಚ್‌ಸಿಜಿ ಎಂಬ ಹಾರ್ಮೋನು ಬಿಡುತ್ತದೆ. "ನಾನಿದ್ದೇನೆ, ಬಾಡಬೇಡ" ಅಂತ ಹಳದಿ ಗಂಟಿಗೆ ಹೇಳಿಕಳಿಸಿದ ಹಾಗೆ. ಮೆಡಿಕಲ್‌ನಲ್ಲಿ ಸಿಗುವ ಪ್ರೆಗ್ನೆನ್ಸಿ ಕಾರ್ಡ್ ಹಿಡಿಯುವುದು ಈ ಎಚ್‌ಸಿಜಿಯನ್ನೇ.

ಕುಶಾಲನಗರದ_ದೊಡ್ಡಮ್ಮ · ಫೆಬ್ರವರಿ 11, ಬೆಳಗ್ಗೆ 9:10

ನಮಗೆ ಇದೊಂದೂ ಗೊತ್ತಿರಲಿಲ್ಲ. ನಾಲ್ಕು ಮಕ್ಕಳಾದವು. ಈಗಿನವರು ಎಲ್ಲ ಓದಿ, ಎಲ್ಲ ಅಳೆದು, ಆಮೇಲೆ ಆಗಲಿಲ್ಲ ಅಂತ ಕೂರುತ್ತಾರೆ. ಗರ್ಭಕೋಶ ಹಿಂದಕ್ಕೆ ವಾಲಿದ್ದರೆ ನಿಲ್ಲುವುದಿಲ್ಲ, ನಮ್ಮ ಕಾಲದಲ್ಲಿ ಸೂಲಗಿತ್ತಿ ಹೊಟ್ಟೆ ತಿಕ್ಕಿ ಸರಿ ಮಾಡುತ್ತಿದ್ದರು. ಮೈ ಹೀಟು ಆಗದ ಹಾಗೆ ನೋಡಿಕೊಳ್ಳಲಿ, ಅಷ್ಟೇ.

ನಿವೃತ್ತ_ಸಿಸ್ಟರ್ · ಫೆಬ್ರವರಿ 11, ಬೆಳಗ್ಗೆ 10:30

ದೊಡ್ಡಮ್ಮ, ನಿಮ್ಮ ಕಾಲದಲ್ಲಿ ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರುತ್ತಿದ್ದರು, ಲೆಕ್ಕ ಬೇಕಾಗಿರಲಿಲ್ಲ. ಈ ಹುಡುಗಿಯ ಗಂಡ ತಿಂಗಳಲ್ಲಿ ಐದೇ ದಿನ ಸಿಗುವುದು. ಅದಕ್ಕೇ ಎಣಿಸಬೇಕಾಗಿದೆ.

ವಾಲಿರುವುದರ ಬಗ್ಗೆ ಕೇಳಿ. ಹೆಚ್ಚಿನವರಿಗೆ ಗರ್ಭಕೋಶ ಮುಂದಕ್ಕೆ, ಮೂತ್ರಚೀಲದ ಮೇಲೆ ಬಗ್ಗಿರುತ್ತದೆ. ಸುಮಾರು ಐದರಲ್ಲಿ ಒಬ್ಬರಿಗೆ ಹಿಂದಕ್ಕೆ. ಕೆಲವರು ಎಡಗೈಯಲ್ಲಿ ಬರೆಯುವುದಿಲ್ಲವೇ, ಹಾಗೆ. ಬೇರೆ ತೊಂದರೆ ಇಲ್ಲದಿದ್ದರೆ ವಾಲಿರುವುದೊಂದೇ ಬಸಿರಿಗೆ ಅಡ್ಡಿಯಲ್ಲ. ಹೊಟ್ಟೆ ತಿಕ್ಕಿಸಿಕೊಳ್ಳುವುದು ಖಂಡಿತ ಬೇಡ. ಎಂಡೊಮೆಟ್ರಿಯೋಸಿಸ್ ಅಂತ ಒಂದಿದೆ, ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದು. ಅದು ಅಂಟಿಕೊಂಡು ಹಿಂದಕ್ಕೆ ಎಳೆದಿದ್ದರೆ ಬೇರೆ ವಿಷಯ. ಆಗ ಮುಟ್ಟಿನಲ್ಲಿ, ಗಂಡನ ಜತೆ ಸೇರುವಾಗ ವಿಪರೀತ ನೋವಿರುತ್ತದೆ. ಹಾಗೇನಾದರೂ ಇದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

"ಬಲ ಇಲ್ಲ" ಅನ್ನುವ ಕಾಯಿಲೆ ನನ್ನ ಇಷ್ಟು ವರ್ಷದ ಕೆಲಸದಲ್ಲಿ ಒಂದು ಕೇಸ್ ಶೀಟಿನಲ್ಲೂ ನೋಡಿಲ್ಲ.

ಮಾದಾಪುರದ_ಸೊಸೆ · ಫೆಬ್ರವರಿ 11, ಮಧ್ಯಾಹ್ನ 3:00

ಸಿಸ್ಟರ್, ಟೀಚರ್, ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಇದನ್ನೆಲ್ಲ ಫೋನಿನಲ್ಲಿ ಅವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "14 ತಿಂಗಳ ಬಸ್ ಚಾರ್ಜು" ಅಂದರು. ಇಬ್ಬರೂ ನಕ್ಕೆವು, ನನಗೆ ಅಳುವೂ ಬಂತು.

ವಿಪರೀತ ನೋವು ಇಲ್ಲ. ಇನ್ನೊಂದು ಕೇಳಬೇಕು. ಮುಟ್ಟಾಗಿ ಮೂರು ವಾರದ ಹೊತ್ತಿಗೆ ನನಗೆ ಲೋಳೆ ಲೋಳೆಯಾಗಿ ಬಿಳುಪು ಹೋಗುತ್ತದೆ. ಹಸಿ ಮೊಟ್ಟೆಯ ಬಿಳಿ ಭಾಗ ಇರುತ್ತದಲ್ಲ, ಹಾಗೆ. ವಾಸನೆ ಇಲ್ಲ, ತುರಿಕೆ ಇಲ್ಲ. ಎರಡು ಮೂರು ದಿನ ಇದ್ದು ನಿಲ್ಲುತ್ತದೆ. ಸೋಂಕು ಅಂದುಕೊಂಡು ಎರಡು ಸಲ ಮೆಡಿಕಲ್‌ನಲ್ಲಿ ಕೇಳಿ ಮಾತ್ರೆ ತಗೊಂಡಿದ್ದೆ.

ಸಿದ್ದಾಪುರ_ಆಶಾ · ಫೆಬ್ರವರಿ 11, ಸಂಜೆ 6:40

ಅಯ್ಯೋ ಅಕ್ಕಾ, ಅದೇ ಗುರುತು! ಎರಡು ಬೆರಳ ಮಧ್ಯೆ ಹಿಡಿದು ಎಳೆದರೆ ತುಂಡಾಗದೆ ನೂಲಿನ ಹಾಗೆ ಬರುತ್ತದಾ? ಹಾಗಿದ್ದರೆ ಮೊಟ್ಟೆ ಬರುವ ದಿನ ಹತ್ತಿರ ಅಂತ. ಈಸ್ಟ್ರೋಜನ್ ಏರಿದಾಗ ಗರ್ಭಕೋಶದ ಕೊರಳಿನಿಂದ ಅಂಥ ಲೋಳೆ ಬರುತ್ತದೆ, ವೀರ್ಯಾಣು ಈಜಿಕೊಂಡು ಹತ್ತಲು ಅದು ದಾರಿ. ಮಿಕ್ಕ ದಿನ ಅದೇ ಜಾಗದಲ್ಲಿ ಅಂಟು ಅಂಟಾದ ಗಟ್ಟಿ ಲೋಳೆ ಮುಚ್ಚಿಕೊಂಡಿರುತ್ತದೆ. ನಿಮ್ಮ ಮೈ ಪ್ರತಿ ತಿಂಗಳು ದಿನ ಹೇಳುತ್ತಿತ್ತು, ನೀವು ಅದಕ್ಕೆ ಮಾತ್ರೆ ನುಂಗಿದ್ದೀರಿ.

ನಾನು ತೋಟದ ಕೆಲಸದವರ ಲೈನ್ ಮನೆಗಳಿಗೆ ಹೋಗುವವಳು. ಬಿಳುಪು ಅಂದ ಕೂಡಲೇ ಹೆಂಗಸರು ಹೆದರುತ್ತಾರೆ. "ಮೈಯ ಸತ್ವ ಹೋಗ್ತದೆ, ಮೂಳೆ ಕರಗ್ತದೆ" ಅನ್ನುತ್ತಾರೆ. ಯಾವ ಮೂಳೆಯೂ ಕರಗುವುದಿಲ್ಲ. ಮೊಸರಿನ ಗರಣೆಯ ಹಾಗೆ ಆಗಿ ತುರಿಕೆ ಬಂದರೆ, ಮೀನಿನ ವಾಸನೆ ಬಂದರೆ, ಹಸಿರು ಹಳದಿ ಆದರೆ, ರಕ್ತ ಬೆರೆತಿದ್ದರೆ ಆಗ ತೋರಿಸಬೇಕು. ಇನ್ನೊಂದು, ಒಳಗೆಲ್ಲ ಸೋಪು, ಆಂಟಿಸೆಪ್ಟಿಕ್ ಹಾಕಿ ತೊಳೆಯುತ್ತಾರೆ. ಬೇಡ. ಯೋನಿಯೊಳಗೆ ಒಳ್ಳೆಯ ಬ್ಯಾಕ್ಟೀರಿಯಾ ಇವೆ, ಮೊಸರಿನಲ್ಲಿ ಇರುವವುಗಳ ಸಂಬಂಧಿಕರೇ. ಅವು ಅಲ್ಲಿ ಹುಳಿ ಉಳಿಸಿಕೊಂಡು ಕೆಟ್ಟ ಕೀಟಾಣುಗಳನ್ನು ದೂರ ಇಡುತ್ತವೆ. ಸೋಪು ಹಾಕಿದರೆ ಮೊದಲು ಸಾಯುವುದು ಅವೇ. ಹೊರಗೆ ನೀರಲ್ಲಿ ತೊಳೆದರೆ ಸಾಕು.

ನಮ್ಮ ಕಡೆಯ ದೊಡ್ಡ ಕಷ್ಟ ಮಳೆಗಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಏನೂ ಒಣಗುವುದಿಲ್ಲ. ಬಟ್ಟೆ ಬಳಸುವವರು ಅದನ್ನು ಗಂಡಸರ ಕಣ್ಣಿಗೆ ಬೀಳಬಾರದು ಅಂತ ಲಂಗದ ಕೆಳಗೆ, ಬಾಗಿಲ ಸಂದಿಯಲ್ಲಿ ಹಾಕುತ್ತಾರೆ. ಒಂದು ಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಇತ್ತು. ಮುಟ್ಟಿ ನೋಡಿದೆ, ತಣ್ಣಗೆ ಒದ್ದೆ, ಮುಗ್ಗಲು ವಾಸನೆ. ನಾಳೆ ಅದನ್ನೇ ಹಾಕಿಕೊಂಡು ಗದ್ದೆಗೋ ತೋಟಕ್ಕೋ ಹೋಗಬೇಕು. ನಾನು ಹೇಳುವುದು ಒಲೆಯ ಮೇಲಿನ ತಂತಿಗೆ ಹಾಕಿ ಅಂತ. ಬೆಂಕಿಯ ಕಾವಿಗೆ ಗರಿಗರಿಯಾಗಿ ಒಣಗುತ್ತದೆ. "ಅಡುಗೆ ಮನೆಯಲ್ಲಾ?" ಅಂತ ಬಾಯಿ ಬಿಡುತ್ತಾರೆ. ಇಬ್ಬರು ಮೂವರು ಈಗ ಹಾಕುತ್ತಿದ್ದಾರೆ. ಒಬ್ಬಳು ಒಳಗೆ ಇಟ್ಟುಕೊಂಡು ರಕ್ತ ಹಿಡಿಯುವ ಮುಟ್ಟಿನ ಕಪ್ ತಗೊಂಡಿದ್ದಾಳೆ, ಒಣಗಿಸುವ ಗೋಜೇ ಇಲ್ಲ. ದಕ್ಷಿಣ ಕನ್ನಡದಲ್ಲಿ ಸರ್ಕಾರ ಮೈತ್ರಿ ಮುಟ್ಟಿನ ಕಪ್ ಅಂತ ಹುಡುಗಿಯರಿಗೆ ಕೊಟ್ಟಿತ್ತು. ಘಟ್ಟದ ಮೇಲಿನವರಿಗೂ ಬೇಕು ಅಂತ ನನ್ನ ವಾದ, ಮಳೆ ನಮಗೂ ಅಷ್ಟೇ ಸುರಿಯುತ್ತದಲ್ಲ.

ಭಾಗಮಂಡಲ_ರಸ್ತೆ · ಫೆಬ್ರವರಿ 12, ಬೆಳಗ್ಗೆ 8:15

ವಿಷಯ ಸ್ವಲ್ಪ ಬೇರೆ, ಆದರೆ ಟೀಚರ್ ಬರೆದದ್ದು ಓದಿ ನನಗೊಂದು ಹೊಳೆಯಿತು. ಕಳೆದ ಅಕ್ಟೋಬರಿನಲ್ಲಿ ತುಲಾ ಸಂಕ್ರಮಣಕ್ಕೆ ಮನೆ ತುಂಬ ನೆಂಟರು, ತಲಕಾವೇರಿಗೆ ಹೋಗಬೇಕು. ಡೇಟ್ ಅದೇ ದಿನ ಬೀಳುತ್ತಿತ್ತು. ಮಾತ್ರೆ ತಗೊಂಡು ಮುಂದೆ ಹಾಕಿದೆ. ನಿಲ್ಲಿಸಿ ಮೂರನೇ ದಿನಕ್ಕೆ ಜೋರಾಗಿ ಬಂತು. ಆ ಮಾತ್ರೆಯೂ ಪ್ರೊಜೆಸ್ಟರಾನ್ ಜಾತಿಯದ್ದೇನಾ?

ನಿವೃತ್ತ_ಸಿಸ್ಟರ್ · ಫೆಬ್ರವರಿ 12, ಬೆಳಗ್ಗೆ 11:00

ಹೌದು, ಸಾಮಾನ್ಯವಾಗಿ ಕೊಡುವುದು ನೊರೆಥಿಸ್ಟರಾನ್, ಪ್ರೊಜೆಸ್ಟರಾನ್‌ನ ಹಾಗೆ ಕೆಲಸ ಮಾಡುವ ಮಾತ್ರೆ. ಹಳದಿ ಗಂಟು ಬಾಡಿದರೂ ಮಾತ್ರೆ ಒಳಪದರವನ್ನು ಹಿಡಿದು ನಿಲ್ಲಿಸುತ್ತದೆ. ಮಾತ್ರೆ ಬಿಟ್ಟಿರಿ, ಹಿಡಿತ ಹೋಯಿತು, ಎರಡು ಮೂರು ದಿನಕ್ಕೆ ಕಳಚಿತು. ನೀವು ನಿಮ್ಮ ಮೇಲೇ ಪ್ರಯೋಗ ಮಾಡಿ ನೋಡಿದ ಹಾಗಾಯಿತು.

ಆದರೆ ಇದನ್ನು ಹಬ್ಬಕ್ಕೊಂದು, ಮದುವೆಗೊಂದು, ಗೃಹಪ್ರವೇಶಕ್ಕೊಂದು ಅಂತ ಮೆಡಿಕಲ್‌ನಿಂದ ತಂದು ನುಂಗುವುದು ನನಗೆ ಸರಿ ಕಾಣುವುದಿಲ್ಲ. ರಕ್ತ ಹೆಪ್ಪುಗಟ್ಟಿದ ಇತಿಹಾಸ, ಲಿವರ್ ತೊಂದರೆ ಇರುವವರಿಗೆ ಅಪಾಯ. ಕೇಳಿಯೇ ತಗೊಳ್ಳಿ. ಬಸಿರು ತಡೆಯುವ ಮಾತ್ರೆ ಅಂತಲೂ ಇದನ್ನು ನಂಬಬೇಡಿ. ಇನ್ನು ಮುಟ್ಟಾದವಳು ತೀರ್ಥ ಮುಟ್ಟಬಾರದು ಅನ್ನುವುದರ ಬಗ್ಗೆ ನನ್ನ ಅಭಿಪ್ರಾಯ ಬರೆದರೆ ಈ ಚರ್ಚೆ 40 ಪುಟ ಹೋಗುತ್ತದೆ. ಬಿಡಿ.

ನಿರ್ವಾಹಕರು · ಫೆಬ್ರವರಿ 12, ಮಧ್ಯಾಹ್ನ 12:05

ಅದನ್ನು ಬಿಟ್ಟಿದ್ದಕ್ಕೆ ಧನ್ಯವಾದ. ಮಾತ್ರೆಯ ಪ್ರಮಾಣ ಯಾರೂ ಇಲ್ಲಿ ಬರೆಯಬೇಡಿ. ಆಸ್ಪತ್ರೆ, ಡಾಕ್ಟರ್ ಹೆಸರು ಹಾಕಿ ದೂರುವುದೂ ಬೇಡ.

ಹಾಸ್ಟೆಲ್_ಹುಡುಗಿ · ಫೆಬ್ರವರಿ 12, ರಾತ್ರಿ 9:30

ಮೊದಲ ದಿನ ಹೊಟ್ಟೆ ಹಿಂಡುವುದು ಯಾಕೆ ಅಂತಲೂ ಹೇಳಿಬಿಡಿ ಟೀಚರ್.

ಪಿಯು_ಬಯಾಲಜಿ · ಫೆಬ್ರವರಿ 12, ರಾತ್ರಿ 10:00

ಪದರ ಕಳಚುವಾಗ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟಿ ಗರ್ಭಕೋಶದ ಸ್ನಾಯುವನ್ನು ಹಿಂಡಿಸುತ್ತದೆ. ಕರುಳಿಗೂ ತಗುಲುತ್ತದೆ, ಅದಕ್ಕೇ ಆ ದಿನ ಕೆಲವರಿಗೆ ಬೇಧಿ. ಮೆಫೆನಮಿಕ್ ಆಸಿಡ್‌ನಂಥ ನೋವಿನ ಮಾತ್ರೆ ಈ ರಾಸಾಯನಿಕವನ್ನೇ ತಡೆಯುತ್ತದೆ. ಬಿಸಿನೀರಿನ ಬ್ಯಾಗೂ ಒಳ್ಳೆಯದು. ನೋವಿಗೆ ಕಾಲೇಜು ತಪ್ಪಿಸುವಷ್ಟಾದರೆ, ಗಂಟೆಗೊಂದು ಪ್ಯಾಡ್ ತುಂಬಿದರೆ, ವಾರ ದಾಟಿದರೆ ಸುಮ್ನೆ ಸಹಿಸಬೇಡ, ತೋರಿಸು.

ಕುಶಾಲನಗರದ_ದೊಡ್ಡಮ್ಮ · ಫೆಬ್ರವರಿ 14, ಬೆಳಗ್ಗೆ 6:50

ಸಿಸ್ಟರ್, ಮೊನ್ನೆ ನಾನು ಸ್ವಲ್ಪ ಒರಟಾಗಿ ಬರೆದೆ. ಒಂದು ಕೇಳಲಾ? ನನ್ನ ತಂಗಿಗೆ 56. ಮುಟ್ಟು ನಿಂತು ನಾಲ್ಕು ವರ್ಷ. ಹೋದ ವಾರ ಎರಡು ದಿನ ಕೆಂಪು ಕಂಡಿತಂತೆ. "ಮತ್ತೆ ಶುರುವಾಯ್ತು, ನಾನಿನ್ನೂ ಹರೆಯದವಳು" ಅಂತ ತಮಾಷೆ ಮಾಡುತ್ತಿದ್ದಾಳೆ.

ನಿವೃತ್ತ_ಸಿಸ್ಟರ್ · ಫೆಬ್ರವರಿ 14, ಬೆಳಗ್ಗೆ 7:00

ತಮಾಷೆಯಲ್ಲ ದೊಡ್ಡಮ್ಮ. ಒಂದು ವರ್ಷ ಪೂರ್ತಿ ಮುಟ್ಟು ಬಾರದೆ ನಿಂತ ಮೇಲೆ ಒಂದು ತೊಟ್ಟು ಕೆಂಪು ಕಂಡರೂ ತೋರಿಸಲೇಬೇಕು. ಹೆಚ್ಚಿನ ಸಲ ಸಣ್ಣ ಕಾರಣ ಇರುತ್ತದೆ, ಆದರೆ ಗರ್ಭಕೋಶದ ಕ್ಯಾನ್ಸರ್ ಮೊದಲು ತೋರಿಸುವ ಗುರುತೂ ಇದೇ. ಬೇಗ ಸಿಕ್ಕರೆ ವಾಸಿಯಾಗುತ್ತದೆ. ನಾಳೆ ಭಾನುವಾರವಾಗಿದ್ದರೆ ಸೋಮವಾರ ಬೆಳಗ್ಗೆ ಮೊದಲ ಚೀಟಿ ಅವರದೇ ಆಗಲಿ. ನೀವೂ ಜತೆಗೆ ಹೋಗಿ.

ಮಾದಾಪುರದ_ಸೊಸೆ · ಫೆಬ್ರವರಿ 15, ರಾತ್ರಿ 9:20

ಬೇರೆ ಡಾಕ್ಟರ ಹತ್ತಿರ ಹೋಗಿ ಬಂದೆ. ಸಿಸ್ಟರ್ ಹೇಳಿದ ಹಾಗೆ ಕೂತ ಕೂಡಲೇ "ನನ್ನದು 36 ದಿನ ಮೇಡಂ" ಅಂದೆ. ಅವರು ಹಳೆಯ ರಿಪೋರ್ಟ್ ಮೇಲೆ 21 ಅನ್ನುವುದಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ ಪಕ್ಕಕ್ಕಿಟ್ಟರು. ಈ ತಿಂಗಳು ಮಾತ್ರೆ ಬೇಡ, ಮೊದಲು ಕೋಶಕ ಬೆಳೆಯುವುದನ್ನು ಸ್ಕ್ಯಾನಿನಲ್ಲಿ ನೋಡೋಣ ಅಂದರು. ಥೈರಾಯ್ಡ್ ಪರೀಕ್ಷೆಗೂ ಬರೆದರು. ಫೋಲಿಕ್ ಆಸಿಡ್ ಈಗಿನಿಂದಲೇ ತಗೊಳ್ಳಬೇಕಂತೆ.

ಮತ್ತೆ ನಮ್ಮವರ ಪರೀಕ್ಷೆ. "ಅವರದ್ದು ಮಾಡಿಸಿದ್ದೀರಾ?" ಅಂತ ಕೇಳಿದರು. ಇಲ್ಲ. 14 ತಿಂಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅತ್ತೆಗೆ ಹೇಳಿದಾಗ ಮುಖ ಸಣ್ಣಗಾಯಿತು. "ಅವನಿಗೇನಾಗಿದೆ, ಗಟ್ಟಿಮುಟ್ಟಾಗಿದ್ದಾನೆ" ಅಂದರು.

ನಾಪೋಕ್ಲು_ತೋಟ · ಫೆಬ್ರವರಿ 15, ರಾತ್ರಿ 9:55

ತಂಗೀ, ಅತ್ತೆಯವರು ತೋಟ ನೋಡಿಕೊಂಡವರಾದರೆ ಹೀಗೆ ಹೇಳು. ರೊಬಸ್ಟಾ ಗಿಡ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಲ್ಲ, ಬೇರೆ ಗಿಡದ್ದು ಬೇಕು. ಹೂವಿನ ದಿನ ಜೋರು ಮಳೆ ಹೊಡೆದು ಪರಾಗ ತೊಳೆದುಹೋದರೆ ನಾವು ಗಿಡದ ಬೇರು ಬೈಯುತ್ತೇವಾ?

ಟೀಚರ್ ಹೋಲಿಕೆ ಸಾಕು ಅಂದಿದ್ದರು. ಇದೊಂದು ಬಿಟ್ಟುಬಿಡಿ.

ನಿವೃತ್ತ_ಸಿಸ್ಟರ್ · ಫೆಬ್ರವರಿ 16, ಬೆಳಗ್ಗೆ 10:10

ಇದನ್ನು ಒಪ್ಪಿಕೊಂಡೆ. ಮಕ್ಕಳಾಗದ ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣ ಅಪರೂಪವೇನಲ್ಲ. ಗಟ್ಟಿಮುಟ್ಟಾಗಿರುವುದಕ್ಕೂ ವೀರ್ಯಾಣುವಿನ ಸಂಖ್ಯೆಗೂ ಸಂಬಂಧ ಇಲ್ಲ. ಪರೀಕ್ಷೆ ಸುಲಭ, ನೋವಿಲ್ಲ, ಸೂಜಿಯಿಲ್ಲ. ಹೆಂಗಸಿಗೆ ಸ್ಕ್ಯಾನು, ರಕ್ತ, ಟ್ಯೂಬ್ ಪರೀಕ್ಷೆ ಎಲ್ಲ ಮುಗಿಸಿ ಕೊನೆಗೆ ಗಂಡನನ್ನು ಕರೆಯುವುದನ್ನು ನಾನು ಎಷ್ಟೋ ಸಲ ನೋಡಿ ಸಿಟ್ಟಾಗಿದ್ದೇನೆ.

ಇನ್ನು ದಿನಗಳ ಲೆಕ್ಕ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಬಲ್ಲದು, ಮೊಟ್ಟೆ ಒಂದೇ ದಿನ. ಹಾಗಾಗಿ ಮೊಟ್ಟೆ ಬರುವ ಮುಂಚಿನ ಐದು ದಿನ ಮತ್ತು ಆ ದಿನ. ನಿಮಗೆ 17ರಿಂದ 22. ನಿಮ್ಮವರು ಈ ಸಲ ರಜೆ ಸ್ವಲ್ಪ ಮುಂದೆ ಹಾಕಲಿ.

ಮಾದಾಪುರದ_ಸೊಸೆ · ಫೆಬ್ರವರಿ 24, ಸಂಜೆ 7:30

ಸ್ಕ್ಯಾನಿನ ಲೆಕ್ಕ ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು.

16ನೇ ದಿನ ಬಲಗಡೆಯ ಅಂಡಾಶಯದಲ್ಲಿ 12 ಮಿಲಿಮೀಟರಿನ ಒಂದು ಕೋಶಕ. 19ನೇ ದಿನ 17. 21ನೇ ದಿನ 21, ಒಳಪದರ 9 ಮಿಲಿಮೀಟರ್. ಮೇಡಂ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೂದು ಬಣ್ಣದ ನಡುವೆ ಕಪ್ಪಗೆ ದುಂಡಗೆ ಇತ್ತು, ಕರಿಮೆಣಸಿನ ಕಾಳನ್ನು ದೊಡ್ಡದು ಮಾಡಿ ನೋಡಿದ ಹಾಗೆ. ಇವತ್ತು 23ನೇ ದಿನ ಹೋದಾಗ ಆ ಜಾಗದಲ್ಲಿ ದುಂಡಗಿನದು ಇರಲಿಲ್ಲ, ಸೊಟ್ಟಗೆ ಮುದುಡಿತ್ತು, ಹಿಂದೆ ಸ್ವಲ್ಪ ನೀರು ಕಾಣಿಸಿತು. "ಒಡೆದಿದೆ ನೋಡಿ" ಅಂದರು. ಮಂಚದ ಮೇಲೆ ಮಲಗಿಕೊಂಡೇ ನಕ್ಕುಬಿಟ್ಟೆ. ಲೋಳೆಯೂ 20, 21ಕ್ಕೆ ಸರಿಯಾಗಿ ಬಂದಿತ್ತು, ಆಶಾ ಅಕ್ಕ.

ಅವರು 17ಕ್ಕೆ ಬಂದು 22ಕ್ಕೆ ಹೋದರು. ಹೋಗುವಾಗ ಮೈಸೂರಿನಲ್ಲಿ ಇಳಿದು ತಮ್ಮ ಪರೀಕ್ಷೆಗೂ ಕೊಟ್ಟು ಹೋಗಿದ್ದಾರೆ. ರಿಪೋರ್ಟ್ ಇನ್ನೂ ಬಂದಿಲ್ಲ. 29ನೇ ದಿನಕ್ಕೆ ನನ್ನ ಪ್ರೊಜೆಸ್ಟರಾನ್ ಮತ್ತೆ ನೋಡುತ್ತಾರೆ. ಏನಾಗುತ್ತದೋ ನೋಡೋಣ. ಒಂದೇ ತಿಂಗಳಿಗೆ ಆಗಬೇಕು ಅಂತೇನಿಲ್ಲ ಅಂತ ಮೇಡಂ ಮೊದಲೇ ಹೇಳಿದ್ದಾರೆ.

ಅತ್ತೆ ಬಲದ ಮಾತು ತೆಗೆದಿಲ್ಲ. ಸ್ಕ್ಯಾನಿನ ಫೋಟೋ ಕೇಳಿ ತಗೊಂಡು, ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

ಕುಶಾಲನಗರದ_ದೊಡ್ಡಮ್ಮ · ಫೆಬ್ರವರಿ 24, ರಾತ್ರಿ 8:05

ಒಳ್ಳೆಯದಾಗಲಿ ಮಗಳೇ. ತಂಗಿಯನ್ನು ಕರೆದುಕೊಂಡು ಹೋಗಿದ್ದೆ ಸಿಸ್ಟರ್. ಸ್ಕ್ಯಾನ್ ಆಯಿತು, ಒಳಗಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಈಗ ಅವಳೂ ತಮಾಷೆ ಮಾಡುತ್ತಿಲ್ಲ. ಬಂದ ಮೇಲೆ ಬರೆಯುತ್ತೇನೆ.

ಮಾದಾಪುರದ_ಸೊಸೆ · ಫೆಬ್ರವರಿ 25, ಬೆಳಗ್ಗೆ 7:15

ನಾಪೋಕ್ಲು ಅಣ್ಣ, ನಿನ್ನೆ ರಾತ್ರಿ ನಮ್ಮ ಕಡೆ ಮಳೆ ಬಂತು. ಮಾವ ಬೆಳಗ್ಗೆ ಅಳೆದು 60 ಸೆಂಟ್, ಅಂದರೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ, ಅಂದರು. ಹೂವಿಗೆ ಸಾಕಾಗುತ್ತಾ?

ನಾಪೋಕ್ಲು_ತೋಟ · ಫೆಬ್ರವರಿ 25, ಬೆಳಗ್ಗೆ 7:40

60 ಸಾಲದು ತಂಗೀ. ಅರ್ಧಂಬರ್ಧ ಅರಳಿ ಕೆಟ್ಟುಹೋಗುತ್ತದೆ. ಕೆರೆಯಲ್ಲಿ ನೀರಿದ್ದರೆ ಇವತ್ತೇ ಸ್ಪ್ರಿಂಕ್ಲರ್ ಹಾಕಲು ಮಾವನಿಗೆ ಹೇಳು. ನಮ್ಮಲ್ಲಿ ಇನ್ನೂ ಒಂದು ಹನಿ ಇಲ್ಲ.